ಕುದುರೆಗಳಿಗೆ ಬೇಡವಾದ ಹುಲ್ಲು

ಮದುವೆಯಾಗಿ ನಾನು ಬೆಳಗಾವಿಯಿಂದ ಖಾನಾಪುರಕ್ಕೆ ಬಂದಾಗ ಮಾವನವರದು ಹುಲ್ಲಿನ ವ್ಯಾಪಾರ. ಮೊದಲ ಮಹಾಯುದ್ಧ ಮುಗಿದು ಕೆಲವು ವರ್ಷಗಳಾಗಿದ್ದವು. ಹುಲ್ಲುಗಾವಲುಗಳನ್ನು ಗುತ್ತಿಗೆ ಹಿಡಿದು, ಮಳೆ ನಿಂತ ಮೇಲೆ ಕೊಯ್ಸಿ, ಒಣಗಿಸಿ ರೈಲಿಗೆ ಹಾಕಿದರೆ ಅದು ಬೆಳಗಾವಿ ಕ್ಯಾಂಪಿನ ದಂಡಿನ ಕುದುರೆಗಳಿಗೆ ಹೋಗುತ್ತಿತ್ತು. ಕೊಯ್ಯಲು ಬರುತ್ತಿದ್ದವರು ಬೀಡಿ ಊರಿನ ಕಡೆಯ ಇಪ್ಪತ್ತು ಇಪ್ಪತ್ತೈದು ಹೆಂಗಸರು. ಅವರಿಗೆಲ್ಲ ಹಿರಿಯಳು ಕುರಿ ಕಾಯುವ ಮನೆತನದ ಒಬ್ಬ ವಿಧವೆ. ಎತ್ತರದ ಆಳು, ಮಾತು ಕಡಿಮೆ.

ನಾನು ಬಂದ ಎರಡನೆಯ ವರ್ಷ ಹುಲ್ಲೆಲ್ಲ ಬಣವೆಯಾದ ಮೇಲೆ ಕ್ಯಾಂಪಿನಿಂದ ಸುದ್ದಿ ಬಂತು. ಕುದುರೆಗಳನ್ನು ಬೇರೆ ಕಡೆಗೆ ಕಳಿಸಿದ್ದಾರೆ, ಇನ್ನು ಮೋಟಾರು ಲಾರಿಗಳು ಬರುತ್ತವೆ, ಹುಲ್ಲು ಬೇಡ. ಆ ವರ್ಷ ಎಲ್ಲ ವ್ಯಾಪಾರವೂ ಬಿದ್ದಿತ್ತು. ದಿಮ್ಮಿ ಹೊರುವ ಗಾಡಿಗಳು ಸ್ಟೇಷನ್ನಿನ ಬಳಿ ಸುಮ್ಮನೆ ನಿಂತಿರುತ್ತಿದ್ದವು. ಕ್ಯಾಂಪಿನ ದರ್ಜಿಗಳಿಗೂ ಕೆಲಸವಿಲ್ಲವೆಂದು ತವರಿನಿಂದ ಬಂದವರು ಹೇಳುತ್ತಿದ್ದರು.

ಮಾವನವರು ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೆಯ ದಿನ ಆ ಹಿರಿಯಳು ಅಂಗಳಕ್ಕೆ ಬಂದಾಗ, ಬೇರೆ ಕೆಲಸ ನೋಡಿಕೊಳ್ಳಿ ಎಂದುಬಿಟ್ಟರು. ಇದ್ದ ಹುಲ್ಲು ಏನಾಗುತ್ತದೆ ಎಂದು ಆಕೆ ಕೇಳಿದಳು. ಮಳೆಗೆ ಕೊಳೆಯುತ್ತದೆ, ಇನ್ನೇನು ಎಂದರು. ಆಕೆ ನೆಲದ ಮೇಲೆ ಕುಳಿತಳು.

"ಕುದುರಿ ತಿನ್ನದಿದ್ರ ಎಮ್ಮಿ ತಿಂತಾವ್ರೀ ಸಾವ್ಕಾರ್ರ. ನಮ್ಮಲ್ಲಿ ಮನಿಗೊಂದು ಎಮ್ಮಿ ಐತಿ, ಮೇವಿಲ್ಲ. ಕೂಲಿ ಬದ್ಲಿ ಹುಲ್ಲು ಕೊಡ್ರಿ, ಹಾಲು ನಿಮಗ ತಂದು ಹಾಕ್ತೀವಿ."

ದಂಡಿಗೆ ಮೇವು ಕೊಟ್ಟ ಮನೆಯವನು ಹಾಲು ಮಾರಬೇಕೇ ಎಂದು ಮಾವನವರು ಸಿಡುಕಿದರು. ಅಷ್ಟು ಹಾಲನ್ನು ಈ ಊರಲ್ಲಿ ಕುಡಿಯುವವರಾದರೂ ಯಾರು ಎಂದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅವರೆದುರು ಎಂದೂ ಬಾಯಿ ತೆರೆದವಳಲ್ಲ. ಅಂದು ಹೇಗೆ ಧೈರ್ಯ ಬಂತೋ.

"ಮಾವಾರ, ನಮ್ಮ ತವರಮನಿ ಬಾಜೂಕ ಒಬ್ರು ಪೇಢೆ ಮಾಡವ್ರು ಅದಾರ. ಚಲೋ ಖವಾ ಸಿಗೂದಿಲ್ಲಂತ ದಿನಾ ಅಂತಿರ್ತಾರ."

ಮಾವನವರು ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ಎರಡು ದೊಡ್ಡ ಒಲೆ ಹಾಕಿಸಿದರು.

ಖಾಲಿ ನಿಂತಿದ್ದ ದಿಮ್ಮಿ ಗಾಡಿಗಳಲ್ಲೇ ಹಾಲು ಬರತೊಡಗಿತು. ಅದನ್ನು ಕಾಯಿಸಿ, ಇಂಗಿಸಿ, ಖವಾ ಮಾಡಿ, ಮುತ್ತಲ ಎಲೆಯಲ್ಲಿ ಸುತ್ತಿ ರೈಲಿನಲ್ಲಿ ಬೆಳಗಾವಿಗೆ ಕಳಿಸಿದೆವು. ಮೊದಲ ಬುಟ್ಟಿ ಹಾಗೆಯೇ ವಾಪಸು ಬಂತು, ಹೊಗೆ ವಾಸನೆಯಂತೆ. ನಾನು ಅಡುಗೆಮನೆಯಲ್ಲಿ ಕುಳಿತು ಅತ್ತುಬಿಟ್ಟೆ. ಆ ಹಿರಿಯಳು ಕಟ್ಟಿಗೆ ಮುರಿದು ನೋಡಿ, ಹಸಿ ಇದೆ ಎಂದಳು. ತಾನೇ ಹೋಗಿ ಒಣಗಿದ್ದು ಹೊತ್ತು ತಂದು, ಸಂಜೆಯವರೆಗೆ ಒಲೆಯ ಮುಂದಿನಿಂದ ಏಳದೆ ಕೈಯಾಡಿಸಿದಳು. ಆ ದಿನದ ಬುಟ್ಟಿ ತಿರುಗಿ ಬರಲಿಲ್ಲ.

ಬೇಸಿಗೆಯಲ್ಲಿ ಹಾಲು ಇಳಿದಾಗ ಕೆಲವರು ಹಂಚಿನ ಭಟ್ಟಿಗೆ ಮಣ್ಣು ಹೊರಲು ಹೋದರು. ಇನ್ನು ಕೆಲವರು ಬಿದಿರಿನ ಬುಟ್ಟಿ ಹೆಣೆಯುವುದನ್ನು ಕಲಿತರು. ದೇಸೂರಿನ ಕಾಯಿಪಲ್ಲೆಯವರು ಆ ಬುಟ್ಟಿಗಳನ್ನು ಕೊಳ್ಳುತ್ತಿದ್ದರು. ಯಾವುದೊಂದರಿಂದಲೂ ಹೊಟ್ಟೆ ಪೂರ್ತಿ ತುಂಬುತ್ತಿರಲಿಲ್ಲ. ಎಲ್ಲ ಸೇರಿ ಒಲೆ ಆರದಂತೆ ನೋಡಿಕೊಂಡವು.

ಎಮ್ಮೆಯೇ ಇಲ್ಲದ ಒಬ್ಬ ತಾಯಿ, ಮಗಳು ಆ ಗುಂಪಿನಲ್ಲಿದ್ದರು. ನಮಗ್ಯಾರಿಗೂ ಅವರು ನೆನಪಾಗಲಿಲ್ಲ. ಗಿರಣಿ ಕೆಲಸಕ್ಕೆಂದು ಊರು ಬಿಟ್ಟು ಹೋದ ಮೇಲೆಯೇ ತಿಳಿದದ್ದು. ಒಲೆ ಊದಲಿಕ್ಕಾದರೂ ಕರೆಯಬಹುದಿತ್ತು. ಆ ಮಾತು ಈಗಲೂ ನನ್ನನ್ನು ಕೊರೆಯುತ್ತದೆ.

ಎರಡು ವರ್ಷವಾದರೂ ಲಾರಿಗಳು ಬರಲಿಲ್ಲ, ಕುದುರೆಗಳೇ ತಿರುಗಿ ಬಂದವು. ಕ್ಯಾಂಪಿನವರು ಮತ್ತೆ ಬಂದು ಇದ್ದ ಹುಲ್ಲೆಲ್ಲ ಬೇಕೆಂದರು. ಮಾವನವರು ಆ ಹಿರಿಯಳನ್ನು ಕರೆಸಿ, ಕಟ್ಟೆಯ ಮೇಲೆ ಕೂರಿಸಿ ಏನು ಮಾಡೋಣವೆಂದು ಕೇಳಿದರು.

"ಅರ್ಧಾ ಕೊಡ್ರಿ. ಪೂರಾ ಕೊಟ್ಟು ಮತ್ತ ಅವರ ದಾರಿ ನೋಡ್ಕೋತ ಕುಂದ್ರೂದು ಬ್ಯಾಡ."

ಅರ್ಧವನ್ನೇ ಕೊಟ್ಟರು. ಇನ್ನೊಂದು ವರ್ಷಕ್ಕೆ ಲಾರಿಗಳು ನಿಜವಾಗಿಯೂ ಬಂದವು, ಕ್ಯಾಂಪಿನ ಬೇಡಿಕೆ ಪೂರ್ತಿ ನಿಂತಿತು. ಮಾವನವರು ಅಲ್ಲಿಂದ ಬಂದ ಕಾಗದ ಓದಿ, ಮಡಚಿಟ್ಟು, ಎಂದಿನಂತೆ ಊಟಕ್ಕೆ ಕುಳಿತರು. ಮರುದಿನ ಬೆಳಿಗ್ಗೆ ಹೆಂಗಸರು ಕುಡುಗೋಲು ಹಿಡಿದು ಹುಲ್ಲುಗಾವಲಿಗೆ ಹೋದರು.