ಹದಿನಾರನೆಯ ಚೌಕದ ಮುಳ್ಳಪ್ಪ

ಕೆರಿಯಣ್ಣನ ಬಗ್ಗೆ ಬರೆಯಲು ಕೂತಾಗ ಮೊದಲು ನನ್ನ ತಪ್ಪನ್ನು ಒಪ್ಪಿಕೊಂಡುಬಿಡುತ್ತೇನೆ. ನಿಜ ಹೇಳಿಬಿಡಿ ಎಂದು ಅವರ ಬೆನ್ನು ಹತ್ತಿದವಳು ನಾನು. ಇಂಗ್ಲಿಷಿನಲ್ಲಿ ಆ ಪತ್ರ ಟೈಪು ಮಾಡಿ ಕಳಿಸಿದವಳೂ ನಾನೇ. ಸಿದ್ದಾಪುರದ ಬಸ್‌ಸ್ಟ್ಯಾಂಡಿನ ಹತ್ತಿರ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಪರಿಮಳಕ್ಕನಿಗೆ ಬಾಯಿ ಜಾಸ್ತಿ ಎಂದು ಗಿರಾಕಿಗಳು ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿದೆ. ಸುಳ್ಳೇನಲ್ಲ.

ಕೆರಿಯಾ ನಾಯ್ಕರು ಬೋರ್ಡು ಬರೆಯುವವರು. ಒಂದು ಕಾಲಕ್ಕೆ ಶಿರಸಿಯಿಂದ ಯಲ್ಲಾಪುರದವರೆಗೆ ಯಾವ ಅಂಗಡಿಯ ಮುಂದೆ ನಿಂತರೂ ಬೋರ್ಡಿನ ಮೂಲೆಯಲ್ಲಿ ‘ಕೆರಿಯಾ ಆರ್ಟ್ಸ್, ಸಿದ್ದಾಪುರ’ ಎಂದು ಸಣ್ಣಗೆ ಕಾಣುತ್ತಿತ್ತು. ಅಕ್ಷರ ಅಂದರೆ ಅಕ್ಷರ, ಅಳತೆಪಟ್ಟಿ ಇಟ್ಟು ನೋಡಿದರೂ ಕೂದಲೆಳೆಯಷ್ಟು ಅತ್ತಿತ್ತ ಇಲ್ಲ. ಫ್ಲೆಕ್ಸ್ ಬಂದು ಅದೆಲ್ಲ ಮುಗಿಯಿತು. ಈಗ ಅರವತ್ತೆರಡನೆಯ ವಯಸ್ಸಿನಲ್ಲಿ ಲಾರಿಯ ನಂಬರು, ಶಾಲೆಯ ಗೋಡೆಯ ಮೇಲಿನ ನಕಾಶೆ ಬರೆಯುತ್ತಾರೆ. ಫ್ಲೆಕ್ಸ್ ಆರ್ಡರು ಹಿಡಿದು ಹುಬ್ಬಳ್ಳಿಗೆ ಕಳಿಸುವ ನನ್ನ ಅಂಗಡಿಗೇ ಮಧ್ಯಾಹ್ನ ಬಂದು ಕೂತು ಪೇಪರು ಓದುತ್ತಾರೆ. ಒಂದು ದಿನವೂ ಚುಚ್ಚಿ ಮಾತಾಡಿದವರಲ್ಲ. ನಾನಾಗಿದ್ದರೆ ಬಿಡುತ್ತಿರಲಿಲ್ಲ.

ಹೋದ ವರ್ಷ ಚೌತಿ ಕಳೆದ ವಾರ, ದರ್ಶನ ಎನ್ನುವವನೊಬ್ಬ ಅವರನ್ನು ಹುಡುಕಿಕೊಂಡು ಹುಬ್ಬಳ್ಳಿಯಿಂದ ಬಂದ. ಮೂವತ್ತರ ಆಸುಪಾಸು, ಕಾಲೇಜಿನಲ್ಲಿ ಪಾಠ ಮಾಡುವವನಂತೆ. ಮೊಬೈಲಿನಲ್ಲಿ ಒಂದು ಗೋಡೆಯ ಫೋಟೋ ತೋರಿಸಿದ. ಕಿರವತ್ತಿಯಲ್ಲಿ ಹೆದ್ದಾರಿಯ ಬದಿಗೆ ನಾಗಪ್ಪ ಎನ್ನುವವರ ಕಿರಾಣಿ ಅಂಗಡಿ ಇದೆ. ಅದರ ಪಕ್ಕದ ಗೋಡೆಗೆ ಇಪ್ಪತ್ತು ವರ್ಷದಿಂದ ಒಂದು ತಗಡಿನ ಶೆಡ್ಡು ಆತುಕೊಂಡಿತ್ತು. ಶೆಡ್ಡು ಕಿತ್ತಾಗ ಅದರ ಹಿಂದಿನ ಚಿತ್ರ ನಿನ್ನೆ ಬರೆದ ಹಾಗೆ ಉಳಿದಿತ್ತು. ಹದಿನಾರು ಚೌಕ, ಚೌಕಕ್ಕೊಂದು ವಿಚಿತ್ರ ಪ್ರಾಣಿ, ಮೂಲೆಯಲ್ಲಿ ಕೆರಿಯಣ್ಣನ ಹೆಸರು.

ಅವು ಗುಬೋರಾ ಎನ್ನುವ ವಿಡಿಯೋ ಗೇಮಿನ ಪ್ರಾಣಿಗಳು. ಕಾಡುಮೇಡು ಅಲೆದು ಅವನ್ನು ಹಿಡಿದು ಸಾಕುವುದೇ ಆಟ. ಒಂದರ ಮೇಲೊಂದು ಭಾಗ ಬರುತ್ತಲೇ ಇವೆ. ಪ್ರತಿ ಭಾಗಕ್ಕೂ ನೂರಾರು ಪ್ರಾಣಿಗಳನ್ನು ಬರೆಸಿ, ಬೇಡವಾದವನ್ನು ಕೊನೆಗೆ ಕೈಬಿಡುತ್ತಾರಂತೆ. ಕೆಲವು ಸಲ ಕೈಬಿಡುವ ಮೊದಲೇ ಜಾಹೀರಾತಿನ ಹಾಳೆ ಅಚ್ಚಾಗಿ ಊರೂರಿಗೆ ಹೋಗಿಬಿಟ್ಟಿರುತ್ತದೆ, ಮದುವೆ ಮುರಿದ ಮೇಲೂ ಉಳಿದುಹೋದ ಲಗ್ನಪತ್ರಿಕೆಯ ಹಾಗೆ. ಅಂಥ ಹಾಳೆಗಳನ್ನೂ ಕೈಬಿಟ್ಟ ಪ್ರಾಣಿಗಳನ್ನೂ ಹುಡುಕಿ ಪಟ್ಟಿ ಮಾಡುವವರು ಜಗತ್ತಿನ ತುಂಬ ಇದ್ದಾರೆ. ಅವರದೊಂದು ವೆಬ್‌ಸೈಟು ಇದೆ, ಅದನ್ನು ನೋಡಿಕೊಳ್ಳುವವರಲ್ಲಿ ದರ್ಶನನೂ ಒಬ್ಬ. ಇದೆಂಥ ಕೆಲಸವಿಲ್ಲದ ಕೆಲಸ ಅನ್ನಿಸಿತು ನನಗೆ.

“ಇದರಾಗ ಮೂರು ಪ್ರಾಣಿ ಆಟದೊಳಗ ಬರಲೇ ಇಲ್ರಿ. ಬರೇ ಹೆಸರು ಕೇಳಿದ್ವಿ, ಬಣ್ಣದಾಗ ನೋಡಿದ್ದು ಇದೇ ಮೊದಲು,” ಎಂದ ದರ್ಶನ. ಆಮೇಲೆ ಕೊನೆಯ ಚೌಕದ ಮೇಲೆ ಬೆರಳಿಟ್ಟ. “ಈ ಹದಿನಾರನೇದಂತೂ ಯಾರೂ ಎಲ್ಲೂ ನೋಡಿಲ್ಲ. ನಿಮಗ ಕೊಟ್ಟ ಹಾಳಿ ಐತೇನ್ರಿ?”

ಹಲಸಿನಕಾಯಿಯಂಥ ಮುಳ್ಳು ಮೈ, ಕೆಂದಳಿಲಿನ ಉದ್ದನೆಯ ಬಾಲ, ನಾಲ್ಕು ಗಿಡ್ಡ ಕಾಲು. ಕೆರಿಯಣ್ಣ ಅದನ್ನೇ ನೋಡುತ್ತ ಕೂತರು.

“ಹಾಳೆ ಆಗ್ಲೇ ಜಾಹೀರಾತಿನ ಏಜೆಂಟ್ರು ವಾಪಸ್ ತಗಂಡು ಹೋದ್ರು,” ಎಂದರು.

ವಾರ ಕಳೆಯುವುದರೊಳಗೆ ಆ ಗೋಡೆ ವೆಬ್‌ಸೈಟಿನ ಮೊದಲ ಪುಟಕ್ಕೆ ಬಂತು. ಹದಿನಾರನೆಯ ಪ್ರಾಣಿಗೆ ಎಲ್ಲೆಲ್ಲಿಯವರೋ ಇಂಗ್ಲಿಷ್ ಹೆಸರಿಟ್ಟರು, ತಮ್ಮ ಕೈಯಲ್ಲೂ ಬರೆದು ಹಾಕಿದರು, ಒಬ್ಬಳು ಉಣ್ಣೆಯಲ್ಲಿ ಅದರ ಗೊಂಬೆ ಹೆಣೆದಳು. ಕೆರಿಯಣ್ಣ ದಿನಾ ಬಂದು ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಂಡು, “ಇವತ್ತು ಎಷ್ಟು ಜನ ನೋಡಿದ್ರು?” ಎಂದು ಕೇಳುತ್ತಿದ್ದರು. ಅಷ್ಟು ಖುಷಿಯಲ್ಲಿ ಅವರನ್ನು ನಾನು ನೋಡಿರಲಿಲ್ಲ. ಆಮೇಲೆ ಆ ಮಂದಿ, ಇದನ್ನು ಬರೆದ ಕಲಾವಿದ ಯಾರು ಎಂದು ಜಗಳಕ್ಕೆ ಬಿದ್ದರು. ಆ ದೇಶದ ಇಂಥವನು, ಅಲ್ಲ ಈ ದೇಶದ ಇಂಥವಳು ಎಂದು ಹತ್ತು ಹೆಸರು. ಅದನ್ನು ಓದಿ ಹೇಳಿದ ದಿನ ಕೆರಿಯಣ್ಣನ ಮುಖ ಇಳಿದುಹೋಯಿತು.

“ಅದು ಅವರ್ಯಾರದ್ದೂ ಅಲ್ಲ ಪರಿಮಳಕ್ಕ. ನಮ್ಮ ತನುಜಾಂದು.”

ತನುಜಾ ಅವರ ಒಬ್ಬಳೇ ಮಗಳು. ಆಕೆ ತೀರಿಕೊಂಡಿದ್ದು ನನಗೆ ಗೊತ್ತಿತ್ತು, ಅದಕ್ಕಿಂತ ಹೆಚ್ಚು ಕೇಳುವ ಧೈರ್ಯ ನನ್ನಂಥ ಬಾಯಿಬಡುಕಿಗೂ ಆಗಿರಲಿಲ್ಲ. ಆ ದಿನ ಅವರೇ ಹೇಳಿದರು.

ಎರಡು ಸಾವಿರದ ಮೂರನೆಯ ಇಸವಿ, ದಸರಾ ರಜೆ. ಚಿಪ್ಸ್ ಪ್ಯಾಕೆಟಿನೊಳಗೆ ಗುಬೋರಾ ಸ್ಟಿಕರು ಹಾಕಿ ಮಾರುವ ಏಜೆಂಟರು ನಾಗಪ್ಪನವರ ಹೊಸ ಅಂಗಡಿಯ ಗೋಡೆಗೆ ಜಾಹೀರಾತು ಬರೆಯಲು ಒಂದು ಹಾಳೆ ಕೊಟ್ಟಿದ್ದರು. ಹದಿನೈದು ಚೌಕದಲ್ಲಿ ಪ್ರಾಣಿ. ಹದಿನಾರನೆಯದರಲ್ಲಿ ಬರೀ ಕಪ್ಪು ನೆರಳು, ಅದರ ಮೇಲೊಂದು ಪ್ರಶ್ನೆಚಿಹ್ನೆ. ಮುಂದೇನು ಬರುತ್ತದೋ ಎಂದು ಮಕ್ಕಳು ಕಾಯಲಿ ಅಂತ. ಕೆರಿಯಣ್ಣ ಕಪ್ಪು ಬಣ್ಣ ಕಲಸುವಾಗ ನಾಗಪ್ಪ ಓಡಿ ಬಂದರಂತೆ. “ನಾಳೆ ಅಂಗಡಿ ಪೂಜಿ ಐತ್ರಿ. ಹೊಸಾ ಗ್ವಾಡಿ ಮ್ಯಾಲೆ ಕರೇ ಕಲೆ ಬ್ಯಾಡ, ಏನರ ಬಣ್ಣದ್ದು ಬರೀರಿ.” ಕೇಳೋಣವೆಂದರೆ ಏಜೆಂಟರು ಊರಲ್ಲಿಲ್ಲ. ರಜೆಯೆಂದು ಅಪ್ಪನ ಜೊತೆ ಬಂದಿದ್ದ ಒಂಬತ್ತು ವರ್ಷದ ತನುಜಾ ಅಲ್ಲೇ ಬಣ್ಣದ ಡಬ್ಬಿಯ ಮೇಲೆ ಕೂತು ತನ್ನ ಚಿತ್ರದ ಪಟ್ಟಿಪುಸ್ತಕದಲ್ಲಿ ಒಂದು ಪ್ರಾಣಿ ಬರೆದಿದ್ದಳು, ಅದಕ್ಕೆ ಮುಳ್ಳಪ್ಪ ಎಂದು ಹೆಸರಿಟ್ಟಿದ್ದಳು. ಕೆರಿಯಣ್ಣ ಹದಿನಾರನೆಯ ಚೌಕಕ್ಕೆ ಮುಳ್ಳಪ್ಪನನ್ನು ಹಾಕಿದರು.

ಮುಂದಿನ ಬೇಸಿಗೆಯಲ್ಲಿ ಮಂಗನ ಕಾಯಿಲೆ ಬಂತು. ಹನ್ನೆರಡು ದಿನದ ಜ್ವರದಲ್ಲಿ ಮಗು ಹೋಯಿತು. ಹೋದ ಮಗುವಿನ ಸಾಮಾನು ಮನೆಯಲ್ಲಿಡಬಾರದು ಎಂದು ಹಿರಿಯರು ಹೇಳಿದ್ದಕ್ಕೆ ಹೆಂಡತಿ ಶೈಲಾ ಫ್ರಾಕು, ಪಾಟಿ, ಚಿತ್ರದ ಪಟ್ಟಿ ಎಲ್ಲವನ್ನೂ ಹೊಳೆಗೆ ಬಿಟ್ಟರು. ಅಂದಿನಿಂದ ಆ ಮನೆಯಲ್ಲಿ ತನುಜಾಳ ಹೆಸರನ್ನು ಯಾರೂ ಎತ್ತಿಲ್ಲ.

“ಅವಳದ್ದು ಅಂತ ಉಳಿದಿದ್ದು ಅದೊಂದೇ,” ಎಂದರು ಕೆರಿಯಣ್ಣ. “ಬರೆದವಳು ತನುಜಾ ಕೆರಿಯಾ ನಾಯ್ಕ, ಸಿದ್ದಾಪುರ ಅಂತ ಅದರ ಕೆಳಗೆ ಒಂದು ಸಾಲು ಹಾಕಿದ್ರೆ ಸಾಕಿತ್ತು. ಆದ್ರೆ ಹೇಳಿದ್ರೆ ತೆಗೆದೇಬಿಟ್ರೆ?”

“ಎಂತಕ್ಕೆ ತೆಗೀತಾರೆ? ನಿಜ ಹೇಳಿದವರಿಗೆ ಮರ್ಯಾದೆ ಕೊಡದೇ ಇರ್ತಾರಾ?” ಎಂದೆ. ನನಗೆ ಆಗಲೇ ರಕ್ತ ಕುದಿಯುತ್ತಿತ್ತು. ನಮ್ಮ ಮಗುವಿನ ಚಿತ್ರಕ್ಕೆ ಯಾರದ್ದೋ ಹೆಸರೇ? ಅವರು ಇನ್ನೂ ಯೋಚಿಸುತ್ತಿರುವಾಗಲೇ ವೆಬ್‌ಸೈಟಿನವರಿಗೆ ಪತ್ರ ಟೈಪು ಮಾಡಲು ಶುರುಮಾಡಿದ್ದೆ.

ಉತ್ತರ ನಾಲ್ಕು ದಿನಕ್ಕೆ ಬಂತು. ಮಗಳ ಮೂಲ ಚಿತ್ರ ಇದೆಯೇ? ಇಲ್ಲ. ಆಗ ತೆಗೆದ ಫೋಟೋ? ಇಲ್ಲ. ನೋಡಿದ ಸಾಕ್ಷಿ? ಅಂಗಡಿ ಪೂಜೆ ಮಾಡಿದ ನಾಗಪ್ಪನವರಿಗೆ ಚಿತ್ರದ ಪಟ್ಟಿಯೂ ನೆನಪಿಲ್ಲ, ಮಗುವೂ ನೆನಪಿಲ್ಲ. ಆಮೇಲೆ ಎಲ್ಲಿಯವರೋ ಕೂತು ಕೆರಿಯಣ್ಣನನ್ನು ಹರಿದು ಮುಕ್ಕಿದರು. ಹೆಸರು ಮಾಡಲು ಸತ್ತ ಮಗಳ ಕಥೆ ಕಟ್ಟಿದ್ದಾನೆ ಎಂದ ಒಬ್ಬ. ಒಂದನ್ನು ಸ್ವಂತಕ್ಕೆ ಸೇರಿಸಿದವನು ಆಟದಲ್ಲಿ ಬಾರದ ಉಳಿದ ಮೂರನ್ನು ಸೇರಿಸಿಲ್ಲ ಎನ್ನಲು ಏನು ಗ್ಯಾರಂಟಿ ಎಂದ ಇನ್ನೊಬ್ಬ. ಹತ್ತು ದಿನಕ್ಕೆ ಹದಿನಾರನೆಯ ಪ್ರಾಣಿ ವೆಬ್‌ಸೈಟಿನ ಪಟ್ಟಿಯಿಂದ ಹೋಯಿತು, ಗೋಡೆಯ ಫೋಟೋದ ಕೆಳಗೆ ‘ನಂಬಲಾಗದು, ನಕಲಿ’ ಎಂದು ಬಂತು. ದರ್ಶನ ಫೋನು ಮಾಡಿ, “ನಾ ಎಷ್ಟ ಹೇಳಿದ್ರೂ ಕೇಳಲಿಲ್ರಿ, ಪುರಾವೆ ಬೇಕಂತ,” ಎಂದ. ಪಾಪ, ಅವನ ತಪ್ಪೇನೂ ಇರಲಿಲ್ಲ. ಆದರೂ ಬಾಯಿಗೆ ಬಂದಂತೆ ಬೈದೆ.

“ಆನು ಸುಮ್ನಿರವಾಗಿತ್ತು,” ಎಂದು ಮನೆಮಾತಿನಲ್ಲಿ ಗಂಡನ ಹತ್ತಿರ ಹೇಳಿಕೊಂಡು ಅತ್ತುಬಿಟ್ಟೆ. ನಾನು ಸುಮ್ಮನಿರಬೇಕಿತ್ತು. ಯಾರದ್ದೋ ಹೆಸರಿನಲ್ಲಾದರೂ ಮುಳ್ಳಪ್ಪ ಬದುಕಿತ್ತು. ಅದನ್ನೂ ಕಳೆದೆ, ಕೆರಿಯಣ್ಣನ ಮಾನವನ್ನೂ ಕಳೆದೆ.

ಕೆರಿಯಣ್ಣ ಅಂಗಡಿಗೆ ಬರುವುದು ನಿಂತಿತು. ಮೂರನೆಯ ವಾರ ಶೈಲಾ ಬಂದರು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವರು, ಮಾತು ಕಮ್ಮಿ. “ಎಂತ ಆಯ್ತು ಇವರಿಗೆ? ಊಟ ಸೇರ್ತಿಲ್ಲ. ಕೇಳಿದ್ರೆ ಪರಿಮಳಕ್ಕನ ಕೇಳು ಅಂತ್ರು,” ಎಂದರು. ನಾನು ಎಲ್ಲ ಹೇಳಿದೆ. ಮಗಳ ಹೆಸರು ಬಂದಾಗ ಅವರು ಟೇಬಲ್ಲಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡರು. ಕಂಪ್ಯೂಟರಿನಲ್ಲಿ ಫೋಟೋ ತೋರಿಸಲು ಹೋದರೆ ಬೇಡವೆಂದರು.

“ಇದರಲ್ಲಿ ಬೇಡ. ಗೋಡೆನೇ ನೋಡ್ತೆ.”

ಭಾನುವಾರ ನಾವು ಮೂವರೂ ಶಿರಸಿಗೆ ಹೋಗಿ, ಅಲ್ಲಿಂದ ಯಲ್ಲಾಪುರ, ಅಲ್ಲಿಂದ ಕಿರವತ್ತಿ ಎಂದು ಮೂರು ಬಸ್ಸು ಬದಲಾಯಿಸಿ ಹೋದೆವು. ನಾಗಪ್ಪ, “ಬರ್ರಿ, ಬರ್ರಿ, ಕುಂದರ್ರಿ,” ಎಂದು ಚಹ ತರಿಸಿದರು. ಶೈಲಾ ಕೂರಲಿಲ್ಲ. ಸೀದಾ ಗೋಡೆಯ ಹತ್ತಿರ ಹೋಗಿ ಹದಿನಾರನೆಯ ಚೌಕದ ಮುಂದೆ ನಿಂತರು. ಅಳುತ್ತಾರೆಂದು ನಾನು ಹತ್ತಿರ ಹೋದೆ. ಅವರು ಅಳಲಿಲ್ಲ, ಹುಬ್ಬು ಗಂಟಿಕ್ಕಿ ನೋಡುತ್ತಲೇ ಇದ್ದರು.

“ಇದು ಅವಳದ್ದಲ್ಲ,” ಎಂದರು.

ಕೆರಿಯಣ್ಣ ಗಾಬರಿಯಾದರು. “ಎಂತ ಹೇಳ್ತೀಯೇ? ಅವಳ ಪಟ್ಟಿ ನೋಡೇ ಬರೆದಿದ್ದು.”

“ಅವಳ ಮುಳ್ಳಪ್ಪಂಗೆ ಮೂರೇ ಕಾಲು. ನೀವು ನಾಲ್ಕು ಹಾಕೀರಿ. ಬಾಲ ತಲೆ ಮೇಲೆ ಬಂದು ಕೊಡೆ ಆಗಿತ್ತು, ಮಳೆಗೆ ನೆನೀಬಾರದು ಅಂತ. ನೀವು ಹಿಂದೆ ಬಿಟ್ಟೀರಿ.”

“ಮೂರು ಕಾಲಾದ್ರೆ ನಿಲ್ಲೂದು ಹ್ಯಾಂಗೆ ಅಂತ ಒಂದು ಹಾಕಿದೆ...” ಎಂದರು ಕೆರಿಯಣ್ಣ, ಗಿರಾಕಿಗೆ ಹೇಳುವ ದನಿಯಲ್ಲಿ.

“ಮನೆಗೆ ಬಂದು ನನ್ನ ಹತ್ರ ಅತ್ತಿದ್ಲು. ಅಪ್ಪ ನನ್ನ ಮುಳ್ಳಪ್ಪನ ಕೆಡಿಸ್ದ ಅಂತ. ಎರಡು ದಿನ ನಿಮ್ಮ ಹತ್ರ ಮಾತಾಡ್ಲಿಲ್ಲ, ನೆನಪಿದ್ಯಾ?”

“ಬಸ್ಸಿನ ಸುಸ್ತು ಅಂತ ಮಾಡಿದ್ದೆ,” ಎಂದರು ಕೆರಿಯಣ್ಣ.

ವೆಬ್‌ಸೈಟಿನ ಪಟ್ಟಿಯಿಂದ ತೆಗೆದವರ ಮೇಲೆ ಅಷ್ಟೂ ದಿನ ಸಿಟ್ಟು ಕಟ್ಟಿಕೊಂಡು ಓಡಾಡಿದ್ದೆ. ಆ ಗೋಡೆಯ ಮುಂದೆ ಅದನ್ನು ಯಾರ ಮೇಲೆ ತೀರಿಸಲಿ ತಿಳಿಯದೆ ಸುಮ್ಮನೆ ಚಹ ಕುಡಿದೆ. ಉಳಿದದ್ದು ಅದೊಂದೇ ಎಂದು ಕೆರಿಯಣ್ಣ ನಂಬಿದ್ದರು. ಅದೂ ಉಳಿದಿರಲಿಲ್ಲ. ಅವರ ಕೈಯೇ ಅದನ್ನು ಅಳಿಸಿತ್ತು.

ವಾಪಸು ಬರುವಾಗ ಯಲ್ಲಾಪುರದಲ್ಲಿ ಶಿರಸಿಯ ಬಸ್ಸು ಹತ್ತಿದ ಮೇಲೆ ಕೆರಿಯಣ್ಣ ಹೆಂಡತಿಯ ಕಡೆ ತಿರುಗದೆ, ಮುಂದಿನ ಸೀಟನ್ನೇ ನೋಡುತ್ತ ಕೇಳಿದರು.

“ಕಣ್ಣು ಹ್ಯಾಂಗಿತ್ತೇ?”

“ಒಂದು ದೊಡ್ದು, ಒಂದು ಸಣ್ದು. ಸಣ್ಣ ಕಣ್ಣು ನಗ್ತಿತ್ತು,” ಎಂದರು ಶೈಲಾ.

ಮರುದಿನದಿಂದ ಕೆರಿಯಣ್ಣ ಮತ್ತೆ ಅಂಗಡಿಗೆ ಬರುತ್ತಿದ್ದಾರೆ. ಝೆರಾಕ್ಸಿನಲ್ಲಿ ಕೆಟ್ಟುಹೋದ ಹಾಳೆಗಳ ಬೆನ್ನಿಗೆ ಪೆನ್ಸಿಲಿನಲ್ಲಿ ಮುಳ್ಳಪ್ಪನನ್ನು ಬರೆದು ಸಂಜೆ ಮನೆಗೆ ಒಯ್ಯುತ್ತಾರೆ. ಶೈಲಾ ನೋಡಿ ‘ಅಲ್ಲ’ ಎನ್ನುತ್ತಾರೆ. ಎಲ್ಲಿ ಅಲ್ಲ, ಹೇಗೆ ಅಲ್ಲ ಎಂದು ಇಬ್ಬರೂ ಮಗಳ ಹೆಸರು ಹಿಡಿದು ಮಾತಾಡುತ್ತಾರೆ, ಜಗಳವಾಡುತ್ತಾರೆ, ಒಮ್ಮೊಮ್ಮೆ ಊಟ ಬಿಟ್ಟು ಏಳುತ್ತಾರೆ. ನಾಲ್ಕು ತಿಂಗಳಾಯಿತು. ದಿನಕ್ಕೊಂದು ಎಂದರೂ ನೂರು ಹಾಳೆ ದಾಟಿದೆ.

“ಕೈ ಮಾತು ಕೇಳ್ತಿಲ್ಲ ಪರಿಮಳಕ್ಕ,” ಎಂದರು ಒಂದು ದಿನ. “ಸೊಟ್ಟ ಎಳೀಬೇಕು ಅಂತ ಎಳೀತೆ, ಅದು ತಾನೇ ತಿದ್ದಿಬಿಡ್ತದೆ.”

ಹೋದ ವಾರದಿಂದ ಎಡಗೈಯಲ್ಲಿ ಬರೆಯುತ್ತಿದ್ದಾರೆ. ನಿನ್ನೆ ಒಯ್ದ ಹಾಳೆಯನ್ನು ಶೈಲಾ ಒಲೆಯ ಬೆಳಕಿಗೆ ಹಿಡಿದು ನೋಡಿದರಂತೆ. ಮೊದಲ ಸಲ ‘ಅಲ್ಲ’ ಅನ್ನಲಿಲ್ಲವಂತೆ.

“ಕಾಲು ಹೌದು, ಕಣ್ಣು ಆಗ್ಲಿಲ್ಲ ಅಂದ್ಲು,” ಎಂದು ಹೇಳಿ ಕೆರಿಯಣ್ಣ ನನ್ನ ಮುಂದೆ ಎಡಗೈ ಚಾಚಿದರು. ಇನ್ನೊಂದು ಹಾಳೆ ಕೊಟ್ಟೆ.