ಎಲ್ಲದಕ್ಕೂ ಹೌದೆನ್ನುವ ಪೆಟ್ಟಿಗೆ

ನಮ್ಮಪ್ಪ ಕ್ಷೌರದಂಗಡಿ ಇಟ್ಟಿದ್ದು ಕೂದಲು ಕತ್ತರಿಸಲಿಕ್ಕಲ್ಲ, ವಾದ ಮಾಡಲಿಕ್ಕೆ. ಮಗಳಾದ ನಾನೇ ಇದನ್ನು ಹೇಳಬೇಕು. ಗಿರಾಕಿಯ ಒಂದು ಕೆನ್ನೆ ನುಣ್ಣಗೆ ಬೋಳಿಸಿ, ಇನ್ನೊಂದಕ್ಕೆ ನೊರೆ ಮೆತ್ತಿ, ಆಮೇಲೆ ಮಾತು ತೆಗೆಯುವುದು ಅವರ ಪದ್ಧತಿ. ಅರ್ಧ ಗಡ್ಡ ಇಟ್ಟುಕೊಂಡು ಯಾವ ಗಂಡಸು ಎದ್ದು ಹೋದಾನು? ಕಾದು ಕೂತವರೂ ಬೆಂಚಿನಿಂದಲೇ ಬಾಯಿ ಹಾಕುತ್ತಿದ್ದರು.

ಎಲ್ಲರ ಕೈಗೂ ಫೋನು ಬಂತು ನೋಡಿ, ಬೆಂಚಿನ ಮೇಲಿನ ತಲೆಗಳೆಲ್ಲ ಬಗ್ಗಿದವು. ಅಪ್ಪ ಏನೇ ಕೆಣಕಿದರೂ ಯಾರಾದರೊಬ್ಬರು ಬೆರಳಾಡಿಸಿ ಉತ್ತರ ಓದಿಬಿಡುತ್ತಿದ್ದರು. ಮಾತು ಅಲ್ಲಿಗೇ ಮುಗಿಯುತ್ತಿತ್ತು.

"ಕತ್ತರಿ ಸದ್ದು ಬಿಟ್ರೆ ಬೇರೆ ಸದ್ದೇ ಇಲ್ಲ ಕಣೇ. ಇದೇನು ಅಂಗಡೀನಾ, ಆಸ್ಪತ್ರೇನಾ?" ಅಂದವರು, ಅಂಗಡಿಯನ್ನು ಪಕ್ಕದ ಚಹಾಪುಡಿ ವ್ಯಾಪಾರಿಗೆ ಬಿಟ್ಟುಕೊಡುವುದಾಗಿ ಮಾತು ಕೊಟ್ಟೇ ಬಂದರು. ನನಗೆ ತಡೆಯಲಾರದ ಸಂಕಟ. ಮನೆಯಲ್ಲಿ ಸುಮ್ಮನೆ ಕೂತರೆ ಈ ಮನುಷ್ಯ ಉಳಿಯುವುದಿಲ್ಲ, ಅಮ್ಮನಂತೂ ಮೊದಲೇ ಉಳಿಯುವುದಿಲ್ಲ.

ಏನಾದರಾಗಲಿ ಎಂದು, ಮಾತಾಡುವ ಎಐ ಪೆಟ್ಟಿಗೆಯೊಂದನ್ನು ತಂದು ಕನ್ನಡಿಯ ಪಕ್ಕ ಇಟ್ಟೆ. ಅಪ್ಪ ಹಿಗ್ಗಿ ಹೀರೇಕಾಯಿಯಾದರು. ಅದೂ ಎರಡೇ ದಿನ.

"ದಂಡಪಿಂಡ ಇದು! ಏನು ಹೇಳಿದ್ರೂ 'ಒಳ್ಳೇ ಮಾತು ಹೇಳಿದ್ರಿ' ಅನ್ನುತ್ತೆ. ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅನ್ನೋ ಜಾತಿ."

ವ್ಯಾಪಾರಿ ಅಂಗಡಿಯ ಬೀಗದಕೈ ಇಸಿದುಕೊಳ್ಳಲು ಬರಬೇಕಿದ್ದ ಬೆಳಗ್ಗೆ, ಅಪ್ಪನ ಹಳೇ ಎದುರಾಳಿ, ನಿವೃತ್ತ ಪೋಸ್ಟ್‌ಮ್ಯಾನ್ ಕುರ್ಚಿಯಲ್ಲಿದ್ದರು. ಒಂದು ಕೆನ್ನೆ ಮುಗಿದಿತ್ತು. ಎಂದೋ ಕೆಡವಿದ ಟಾಕೀಸಿನ ಬಾಗಿಲು ಬೀದಿಯ ಕಡೆಗಿತ್ತು ಎಂದರು ಅಪ್ಪ. ಓಣಿಯ ಕಡೆಗಿತ್ತು ಎಂದರು ಅವರು. ಬೆಂಚಿನವರು ಫೋನಿನಲ್ಲಿ ಹುಡುಕಿದರು, ಎಲ್ಲೂ ಸಿಗಲಿಲ್ಲ. ಕೊನೆಗೆ ಪೆಟ್ಟಿಗೆಯನ್ನೇ ಕೇಳಿದ್ದಾಯಿತು.

"ನಿಮ್ಮಿಬ್ಬರ ಮಾತೂ ಸರಿಯಾಗಿದೆ," ಎಂದಿತು ಅದು ನಯವಾಗಿ.

ಪೋಸ್ಟ್‌ಮ್ಯಾನ್ ನೊರೆ ಹಾರಿಸುತ್ತಾ ಎದ್ದೇಬಿಟ್ಟರು. "ಥೂ! ಅದ್ಹೇಗೆ ಇಬ್ಬರೂ ಸರಿ? ನಾನು ಸರಿ ಅಂದ್ಮೇಲೆ ಇವನು ತಪ್ಪು!"

"ಜನ್ಮದಲ್ಲಿ ಮೊದಲ ಸಲ ನೀನು ನ್ಯಾಯವಾದ ಮಾತಾಡಿದೆ ನೋಡು," ಎಂದರು ಅಪ್ಪ. "ಇಬ್ಬರಲ್ಲಿ ಒಬ್ಬನೇ ಸರಿ. ಅದು ನಾನು!"

ಬೆಂಚಿನಲ್ಲಿದ್ದ ಡ್ರೈವರ್ ಫೋನನ್ನು ಜೇಬಿಗಿಳಿಸಿದ. "ಇಲ್ಲ ಮಾವ, ಎರಡೂ ಕಡೆ ಇತ್ತು. ನಮ್ಮಜ್ಜಿ ಹೇಳ್ತಿದ್ರು."

"ನಿಮ್ಮಜ್ಜಿ ಯಾವತ್ತಪ್ಪಾ ದುಡ್ಡು ಕೊಟ್ಟು ಸಿನಿಮಾ ನೋಡಿದ್ರು?" ಎಂದ ಪಕ್ಕದವನು.

ಆಮೇಲೆ ಯಾರು ಯಾರಿಗೆ ಏನಂದರೋ ದೇವರೇ ಬಲ್ಲ. ಎಷ್ಟು ಕಾಲವಾಗಿತ್ತು ಆ ಗಲಾಟೆ ಕೇಳಿ! ಖುಷಿಗೆ ನನ್ನ ಕಣ್ಣು ತುಂಬಿತು. ಪೆಟ್ಟಿಗೆಯ ಸ್ವಿಚ್ ಆರಿಸಿದೆ, ಒಬ್ಬರೂ ತಿರುಗಿ ನೋಡಲಿಲ್ಲ.

ಅಷ್ಟರಲ್ಲಿ ಚಹಾಪುಡಿ ವ್ಯಾಪಾರಿ ಬಂದು ಕೈ ಚಾಚಿದ.

"ಮಾತು ಕೊಟ್ಟಿದ್ದೀನಪ್ಪಾ, ಇಲ್ಲ ಅನ್ನಲ್ಲ," ಎಂದರು ಅಪ್ಪ. "ಈ ಬಾಗಿಲಿನ ವಿಷಯ ಒಂದು ತೀರ್ಮಾನ ಆಗ್ಲಿ. ಮಾರನೇ ದಿನವೇ ಬೀಗದಕೈ ನಿನ್ನದು."

ವ್ಯಾಪಾರಿ ಪೋಸ್ಟ್‌ಮ್ಯಾನರ ಅರ್ಧ ಗಡ್ಡ ನೋಡಿದ, ಕೂಗಾಡುತ್ತಿದ್ದ ಬೆಂಚು ನೋಡಿದ, ತಲೆ ಕೆರೆದುಕೊಂಡ.

"ಬಾಗಿಲು ಹಿಂದುಗಡೆ ಇತ್ತಲ್ವಾ?"

ಎಲ್ಲರೂ ಒಟ್ಟಿಗೇ ಅವನ ಮೇಲೆ ಬಿದ್ದರು. ನಾನು ಬೆಂಚಿನ ತುದಿಗೆ ಸರಿದು ಅವನಿಗೆ ಜಾಗ ಮಾಡಿಕೊಟ್ಟೆ.