ಸೂಡಿಯ ಹಾದಿ ಬಿಟ್ಟ ಫಟಫಟಿ

ನಮ್ಮ ಮನೆಯ ಹಬ್ಬದೂಟದಲ್ಲಿ ಹೋಳಿಗೆಯ ಜೊತೆಗೆ ತಪ್ಪದೆ ಬಡಿಸುವ ಇನ್ನೊಂದು ಪದಾರ್ಥವಿದೆ. ಅದು ನಮ್ಮ ಮಾವ, ಅಂದರೆ ಅಕ್ಕನ ಗಂಡ, ಮೋಟಾರ್ ಸೈಕಲ್ ಸ್ಪರ್ಧೆಯ ಬೆಳ್ಳಿ ಕಪ್ಪನ್ನು ಸಂಪ್ರದಾಯಕ್ಕಾಗಿ ಬಿಟ್ಟುಕೊಟ್ಟ ಕಥೆ. ಮದುವೆಗೆ ಮುಂಚೆ ವರ ಹೆಣ್ಣಿನ ಊರಿನ ಸೀಮೆ ದಾಟಬಾರದೆಂದು ಅವರು ನಮ್ಮೂರಾದ ಸೂಡಿಯ ಹಾದಿ ಬಿಟ್ಟರಂತೆ, ಕಪ್ಪು ಹೋದರೂ ಮರ್ಯಾದೆ ಉಳಿಸಿಕೊಂಡರಂತೆ. ಕೇಳಿದವರು ತಲೆದೂಗುತ್ತಾರೆ. ನನ್ನ ಅಪ್ಪನಂತೂ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಾನೆ.

ನಾನು ಇದನ್ನು ಒಪ್ಪುವುದಿಲ್ಲ. ಕಾರಣ ಸರಳ. ಕಣ್ಣೊರೆಸಿಕೊಳ್ಳುವವರು ಯಾರೂ ಅಲ್ಲಿರಲಿಲ್ಲ, ನಾನಿದ್ದೆ. ನಸುಕಿನಿಂದ ಹೊತ್ತು ಮುಳುಗುವವರೆಗೆ ಅದೇ ಗಾಡಿಯ ಹಿಂದಿನ ಸೀಟಿನ ಮೇಲೆ ಕೂತು ನನ್ನ ಎಲುಬು ಸಡಿಲಾಗಿದ್ದವು.

ಸ್ಪರ್ಧೆ ಏರ್ಪಡಿಸಿದ್ದು ನರಗುಂದದ ಹತ್ತಿ ವ್ಯಾಪಾರಿಗಳ ಮಕ್ಕಳು, ಮಾವನೂ ಅವರಲ್ಲೊಬ್ಬರು. ಅಪ್ಪಂದಿರು ತೂಕದ ಕಲ್ಲಿನ ಮುಂದೆ ಬೆವರು ಸುರಿಸುವಾಗ ಇವರಿಗೆ ಬೆವರಲು ಬೇರೊಂದು ದಾರಿ ಬೇಕಾಗಿತ್ತು. ನರಗುಂದದಿಂದ ರೋಣಕ್ಕೆ ಎರಡು ಸಲ ಹೋಗಿ ಬರಬೇಕು. ಮೂರನೆಯ ಸಲ ರೋಣ ದಾಟಿ, ಸೂಡಿಯ ಮೇಲೆ ಹಾದು, ಗಜೇಂದ್ರಗಡದ ಮೋಟಾರ್ ಸ್ಟ್ಯಾಂಡ್ ಮುಟ್ಟಬೇಕು. ಕಡಿಕಲ್ಲು ಕಿತ್ತ ರಸ್ತೆ, ಮೇಲೆ ಬಿಸಿಲು. ಇದಕ್ಕೆ ಅವರು ಇಟ್ಟ ಹೆಸರು ಸಹನೆಯ ಪರೀಕ್ಷೆ. ದಿನಾಲು ತಲೆಯ ಮೇಲೆ ಬುಟ್ಟಿ ಹೊತ್ತು ಅದೇ ದಾರಿಯಲ್ಲಿ ಸಂತೆಗೆ ನಡೆಯುವ ಹೆಂಗಸರ ಸಹನೆಗೆ ಯಾರೂ ಕಪ್ಪು ಇಟ್ಟದ್ದು ನನಗೆ ಗೊತ್ತಿಲ್ಲ.

ಒಬ್ಬರನ್ನೊಬ್ಬರು ನಂಬದ ಜನ ಅವರು. ಆದ್ದರಿಂದ ಪ್ರತಿಯೊಂದು ಗಾಡಿಯ ಹಿಂದೆ ಬೇರೆ ಊರಿನ ಒಬ್ಬ ಸಾಕ್ಷಿ ಕೂಡಬೇಕೆಂದು ನಿಯಮ ಮಾಡಿದ್ದರು. ನಾನು ಸೂಡಿಯವನು, ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದವನು. ಅಪ್ಪ ನನ್ನನ್ನು ಭಾವಿ ಅಳಿಯನ ಹಿಂದೆ ಕೂಡಿಸಿದ.

ಈಗ ಅಕ್ಕನ ವಿಷಯ ಹೇಳಬೇಕು. ಯಾಕೆಂದರೆ ಆ ದಿನ ಪಣಕ್ಕಿದ್ದದ್ದು ಕಪ್ಪಲ್ಲ, ಅವಳ ಒಂದು ಮಾತು. ಹೆಣ್ಣು ನೋಡಲು ಬಂದಾಗ ಅವಳು ರೂಢಿಯಂತೆ ತಲೆ ತಗ್ಗಿಸಿ ಕೂತಿದ್ದಳು. ಇಡೀ ನರಗುಂದದ ಬಳಗ ಅವಳನ್ನು ನೋಡಿತು, ಅವಳು ನೋಡಿದ್ದು ವರನ ಕಾಲುಚೀಲ ಮಾತ್ರ. ಅವರು ಹೋದ ಮೇಲೆ ಅಪ್ಪ ಕೇಳಿದ, "ಏನವಾ, ಹೂಂ ಅನ್ನೂನೇನು?"

"ಕಾಲಚೀಲದ ಜೋಡಿ ಸಂಸಾರ ಮಾಡಾಕ ಆಕ್ಕೈತೇನಪ್ಪಾ? ಮಾರಿ ನೋಡಿ ಹೇಳ್ತೀನಿ."

ಅವ್ವ ಹಣೆ ಬಡಿದುಕೊಂಡಳು. ಅಪ್ಪ ಮಾತ್ರ ಮೆತ್ತಗಾದ. ಸ್ಪರ್ಧೆಯ ಹಾದಿ ಹ್ಯಾಗೂ ನಮ್ಮ ಮನೆಯ ಮುಂದೆಯೇ ಇತ್ತು. "ಮಾಳಿಗಿ ಮ್ಯಾಲೆ ನಿಂತು ಕಣ್ತುಂಬ ನೋಡು. ಆಮ್ಯಾಲೆ ನೀ ಹೂಂ ಅಂದ್ರ ಹೂಂ, ಒಲ್ಲೆ ಅಂದ್ರ ಒಲ್ಲೆ," ಅಂದ. ನಮ್ಮ ಮನೆಯಲ್ಲಿ ಹೆಣ್ಣುಮಗಳೊಬ್ಬಳಿಗೆ ಅಂಥ ಮಾತು ಸಿಕ್ಕದ್ದು ಅದೇ ಮೊದಲು. ಸುದ್ದಿ ನರಗುಂದಕ್ಕೂ ಮುಟ್ಟಿತು. ಭಾವಿ ಮಾವನಿಗೆ ಭಾರೀ ಖುಷಿ. ಬೆಳಿಗ್ಗೆ ಗಾಡಿ ಏರುವಾಗ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಿಗೆ ರೇಶಿಮೆ ರುಮಾಲು, ಕೂದಲಿಗೆ ಬಟ್ಟಲು ಎಣ್ಣೆ ಹಚ್ಚಿಕೊಂಡು ನನಗೆ ಹೇಳಿದರು, "ತಮ್ಮಾ, ಸೂಡಿ ಬಂದ ಕೂಡ್ಲೆ ಹಾರ್ನ್ ಹ್ಯಾಂಗ ಹೊಡೀತೀನಿ ನೋಡು. ನಿಮ್ಮಕ್ಕಗ ಕೇಳಬೇಕು!"

ಈ ಮಾತನ್ನು ಓದುಗರು ಬಿಡಬಾರದು. ಆಗ ಸಂಪ್ರದಾಯ ಎಲ್ಲಿತ್ತೋ ನನಗೆ ತಿಳಿಯದು. ಬಹುಶಃ ಇನ್ನೂ ಎದ್ದಿರಲಿಲ್ಲ.

ಮೊದಲ ಸುತ್ತಿನಲ್ಲಿ ಅವರೇ ಮುಂದಿದ್ದರು. ಆಮೇಲೆ ರೋಣದಲ್ಲಿ ಗೆಳೆಯರು ಹಾರ ಹಾಕಿ ಮಿರ್ಚಿ ಭಜಿ, ಗಿರಮಿಟ್ಟು ಮುಂದಿಟ್ಟರು. ಸಹನೆಯ ಪರೀಕ್ಷೆಗೆ ಬಂದ ವೀರರು ಮಿರ್ಚಿಯ ಎದುರು ಕ್ಷಣವೂ ತಡೆಯಲಿಲ್ಲ. ತಿಂದರು, ಚಹಾ ಕುಡಿದರು, ಮತ್ತೆ ತಿಂದರು. ಅಷ್ಟರಲ್ಲಿ ಗಜೇಂದ್ರಗಡದ ಒಬ್ಬ ಬಟ್ಟೆ ವ್ಯಾಪಾರಿ ಗಾಡಿ ನಿಲ್ಲಿಸದೆ ಮುಂದೆ ಹೋದ. ಅವನನ್ನು ಹಿಡಿಯುವ ಆತುರದಲ್ಲಿ ನಮ್ಮವರು ಎರಡನೆಯ ಸುತ್ತಿನಲ್ಲಿ ಜೋಳದ ಬಂಡಿಯೊಂದನ್ನು ಹಿಂದೆ ಹಾಕಲು ಹೋಗಿ ರಸ್ತೆಯ ಪಕ್ಕದ ಕೆಸರಿನ ಹೊಂಡದಲ್ಲಿ ಗಾಡಿ ಸಮೇತ ಮಲಗಿದರು. ನಾನು ಅವರ ಮೇಲೆ ಬಿದ್ದೆ, ಹಾಗಾಗಿ ನನಗೆ ಪೆಟ್ಟಾಗಲಿಲ್ಲ. ಎದ್ದಾಗ ರೇಶಿಮೆ ರುಮಾಲು, ಬಿಳಿ ಅಂಗಿ, ಮೀಸೆ ಎಲ್ಲ ರಾಡಿಯ ಒಂದೇ ಬಣ್ಣ. ಬಂಡಿಯವ ಎತ್ತು ನಿಲ್ಲಿಸಿ ಕೇಳಿದ:

"ಯಾಕ್ರಿ ಸಾವಕಾರ್ರ, ಎಮ್ಮಿ ಮೈ ತೊಳಿಯೂ ಜಾಗಾದಾಗ ನಿಮಗೇನ್ ಕೆಲಸ?"

ಗಾಡಿ ಮತ್ತೆ ಚಾಲೂ ಆಗುವಷ್ಟರಲ್ಲಿ ಉಳಿದವರೆಲ್ಲ ನಮ್ಮನ್ನು ದಾಟಿ ಹೋಗಿದ್ದರು. ನಾವು ಎಲ್ಲರ ಹಿಂದೆ, ನರಗುಂದ ಮುಟ್ಟಿದಾಗ ಮುಖ ತೊಳೆಯಲೂ ಪುರಸೊತ್ತಿರಲಿಲ್ಲ. ಮೂರನೆಯ ಸಲ ರೋಣ ಬಿಟ್ಟು ಸೂಡಿಯ ಕಡೆ ಹೊರಟೆವು. ನಮ್ಮೂರಿನ ಗುಡಿಯ ಶಿಖರ ಕಾಣುವ ಕಡೆ, ಬಂಡಿ ಜಾಡೊಂದು ಹೊಲಗಳಿಗೆ ಇಳಿಯುವಲ್ಲಿ, ಮಾವ ಗಾಡಿ ನಿಲ್ಲಿಸಿದರು.

"ತಮ್ಮಾ, ಹಿಂಗ ಹೊಲದಾಗಿಂದ ಹೋಗೂಣು."

"ಯಾಕ್ರಿ? ಸೂಡಿಯೊಳಗ ಹಾದು ಹೋಗದಿದ್ರ ಸ್ಪರ್ಧೆಯಿಂದ ತಗದ ಹಾಕ್ತಾರ."

"ಮದುವಿ ಅಕ್ಕಿಕಾಳು ಬೀಳೂತನಕ ವರ ಬೀಗರ ಊರಾಗ ಕಾಲಿಡಬಾರದು. ಹಿರ್ಯಾರು ಮಾಡಿದ ಪದ್ಧತಿ."

"ಕಾಲ ಯಾಕ ಇಡ್ತೀರಿ? ಗಾಲಿ ಇಡ್ರಿ."

"ಚ್ಯಾಷ್ಟಿ ಬ್ಯಾಡ."

"ಹೆಣ್ಣ ನೋಡಾಕ ಬಂದಾಗ ಏನ್ ಹಾರಿ ಬಂದಿದ್ರೇನು?"

"ಅದು ಮಾತಾಗೂಕ್ಕಿಂತ ಮೊದಲು. ಈಗ ಮಾತಾಗೈತಿ."

"ನಮ್ಮಕ್ಕ ಹೂಂ ಅಂದಿಲ್ಲಲ್ರಿ. ನಿಮ್ಮನ್ನ ನೋಡಿ ಅನ್ನಾಕ ಮಾಳಿಗಿ ಮ್ಯಾಲೆ ನಿಂತಾಳ. ಮುಂಜಾನಿ ಹಾರ್ನ್ ಹೊಡೀತೀನಿ ಅಂದವರು ಯಾರು?"

ಅವರು ಗಾಡಿಯ ಕನ್ನಡಿಯಲ್ಲಿ ಮುಖ ನೋಡಿಕೊಂಡರು, ಉಗುಳು ಹಚ್ಚಿ ಗಲ್ಲ ಒರೆಸಿದರು. ರಾಡಿ ಇನ್ನಷ್ಟು ಹರಡಿತು. ಗಾಡಿಯನ್ನು ಹೊಲಕ್ಕೆ ಇಳಿಸಿದರು.

ಹಸ್ತದ ಮಳೆ ಬಿದ್ದ ಕರಿ ಎರೆಭೂಮಿ ಅದು. ನಮ್ಮ ಕಡೆಯ ಕೂಸಿಗೂ ಗೊತ್ತು, ಒದ್ದೆ ಎರೆಯಲ್ಲಿ ಮನುಷ್ಯ ಕಾಲಿನ ಜೋಡು ಕಳಚಿ ಕೈಯಲ್ಲಿ ಹಿಡಿದು ನಡೆಯುತ್ತಾನೆ. ಹುಟ್ಟಿದಾರಭ್ಯ ಆ ಹೊಲದ ಹತ್ತಿಯನ್ನೇ ಮಾರಿ ಉಂಡವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಸ್ವಲ್ಪ ದೂರ ಹೋಗುವುದರಲ್ಲಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಹಿಟ್ಟಿನ ಮುದ್ದೆಯಂತೆ ಮೆತ್ತಿ ಗಾಡಿ ಸುಮ್ಮನೆ ನಿಂತುಬಿಟ್ಟಿತು. ಕಡ್ಡಿಯಿಂದ ಕೆದರಿದೆವು, ನೂಕಿದೆವು, ಮತ್ತೆ ಕೆದರಿದೆವು. ಅಲ್ಲಿಂದ ನಮ್ಮ ಮಾಳಿಗೆ ಕಾಣುತ್ತಿತ್ತು. ಮಾಳಿಗೆಯ ಮೇಲೆ ಹಸಿರು ಸೀರೆಯೊಂದು ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದೂ ಕಾಣುತ್ತಿತ್ತು. ನಾನು ತೋರಿಸಿದೆ. ಅವರು ಗಾಡಿಯ ಆಚೆ ಬದಿಗೆ ಹೋಗಿ ಕುಕ್ಕುರುಗಾಲಲ್ಲಿ ಕೂತರು.

ಕೊನೆಗೆ ಎತ್ತು ಹೊಡೆದುಕೊಂಡು ಮನೆಗೆ ಹೊರಟಿದ್ದ ಒಬ್ಬ ರೈತ ಹಗ್ಗ ಕಟ್ಟಿ ಎಳೆಸಿದ. "ಭಾರೀ ಸೊಕ್ಕಿನ ದನಾ ಐತ್ರಿ ಇದು. ಹೊಟ್ಟಿಗೇನ್ ಹಾಕ್ತೀರಿ?" ಎಂದು ನಕ್ಕ. ಮಾವ ನಗಲಿಲ್ಲ.

ಗಜೇಂದ್ರಗಡ ಮುಟ್ಟಿದಾಗ ಬೆಳ್ಳಿ ಕಪ್ಪು ಆ ಬಟ್ಟೆ ವ್ಯಾಪಾರಿಯ ಕೈಯಲ್ಲಿತ್ತು, ಭಾಷಣ ನಡೆದಿತ್ತು. ಸೂಡಿಯಲ್ಲಿ ಯಾರಿಗೂ ಕಾಣಲಿಲ್ಲ, ಆ ಹಾದಿ ಯಾಕೆ ಬಿಟ್ಟಿರೆಂದು ಕೇಳಿದಾಗ ನಮ್ಮವರು ಕಟ್ಟೆ ಏರಿ ನಿಂತು ಹೇಳಿದರು, "ನನಗ ಕಪ್ಪು ದೊಡ್ಡದಲ್ರಿ, ಬೀಗರ ಮರ್ಯಾದಿ ದೊಡ್ಡದು." ಚಪ್ಪಾಳೆ! ಗೆದ್ದವನಿಗೂ ಅಷ್ಟು ಬಿದ್ದಿರಲಿಲ್ಲ. ಯಾರೋ ಸಾಕ್ಷಿಯ ಮಾತು ಕೇಳಿರೆಂದರು. "ಮೈಗೆ ರಾಡಿ ಆಗಿತ್ತು, ಎಲ್ಲಾರ ಹಿಂದ ಬಿದ್ದಿದ್ರು. ಹಂಗಾಗಿ ಅಡಗಿದ್ರು," ಎಂದೆ. ಜನ ಗೊಳ್ಳೆಂದು ನಕ್ಕರು. ಬೀಗರ ಹುಡುಗ, ಚ್ಯಾಷ್ಟಿ ಮಾಡುತ್ತಾನೆ ಅಂದುಕೊಂಡರು. ಸಾಕ್ಷಿಯನ್ನು ಕೂಡಿಸುವ ನಿಯಮವಿತ್ತು, ನಂಬುವ ನಿಯಮವಿರಲಿಲ್ಲ.

ನಾನು ಮನೆ ಮುಟ್ಟುವ ಮೊದಲೇ ಕಥೆ ಮುಟ್ಟಿತ್ತು. ಅಕ್ಕ ದೀಪ ಹಚ್ಚುವವರೆಗೆ ಮಾಳಿಗೆ ಬಿಟ್ಟು ಇಳಿದಿರಲಿಲ್ಲವಂತೆ. "ನಾ ನೋಡಲೇ ಇಲ್ಲಲ್ಲಪ್ಪಾ," ಅಂದಳು.

"ಇನ್ನ ನೋಡೂದೇನೈತಿ? ಇಂಥಾ ಗುಣಾ ಕಿವಿಲೆ ಕೇಳಿದ್ರ ಸಾಲದೇನು?"

ನಡೆದದ್ದನ್ನು ನಾನು ಮೊದಲಿಂದ ಹೇಳಿದೆ. "ನಿನ್ನ ವಾದಾ ಧಾರವಾಡದಾಗ ಇಟಗೊ," ಅಂದ ಅಪ್ಪ. ದೀಪಾವಳಿ ಕಳೆದ ಮೇಲೆ ಮದುವೆಯಾಯಿತು. ಕೊಟ್ಟ ಮಾತನ್ನು ಅಪ್ಪ ವಾಪಸ್ ತೆಗೆದುಕೊಂಡದ್ದನ್ನು ಯಾರೂ ಮರ್ಯಾದೆಯ ಲೆಕ್ಕಕ್ಕೆ ಹಿಡಿಯಲಿಲ್ಲ.

ಅಕ್ಕ ಸುಖವಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ನನ್ನ ವಾದ ಅದಲ್ಲ. ಮೊನ್ನೆ ಯುಗಾದಿಗೆ ಬಂದಾಗ ಮಾವ ಊಟಕ್ಕೆ ಕೂತು ಅದೇ ಕಥೆ ತೆಗೆದರು, ಈಗ ಅದರಲ್ಲಿ ಅವರು ಎಲ್ಲರಿಗಿಂತ ಮುಂದಿದ್ದರು. ಅಕ್ಕ ತುಪ್ಪದ ಗಿಂಡಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ನಾನು ಕೈ ತೊಳೆದು ಕೇಳಿದೆ:

"ಮಾವಾರ, ಒಂದ ಪ್ರಶ್ನೆ. ಮೈತುಂಬ ರಾಡಿ ಮೆತ್ತಿಕೊಂಡು ಎಲ್ಲಾರ ಹಿಂದ ಬಂದವನ್ನ ನೋಡಿದ್ರ ನಮ್ಮಕ್ಕ ಒಲ್ಲೆ ಅಂತಾಳ ಅಂತ ನಿಮಗ ಹೇಳಿದವರು ಯಾರು?"